ಸವಕಳಿಯೂ ಪ್ರಮಾದವೂ

ಅಹಿಂಸೆಯನ್ನು ವ್ರತಗಳಲ್ಲಿ ಮೊದಲನೆಯದೆಂದು ಸ್ವೀಕರಿಸಿದ ಶ್ರಾವಕ ಕುಟುಂಬಗಳಲ್ಲಿ ಕೆಲವು ಎಚ್ಚರಗಳು ತಲೆಮಾರುಗಳಿಂದ ರಕ್ತಗತವಾಗಿ ಬಂದಿವೆ. ನೀರನ್ನು ಸೋಸದೆ ಕುಡಿಯುವುದಿಲ್ಲ. ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ. ಧಾನ್ಯವನ್ನು ಆರಿಸದೆ ಒಲೆಯ ಮೇಲೆ ಇಡುವುದಿಲ್ಲ. ಅಡುಗೆಮನೆಯಲ್ಲಿ ಇಷ್ಟು ಜಾಗರೂಕವಾಗಿರುವ ಕಣ್ಣು ಮನೆಯ ಮುಂದೆ ನಿಂತಿರುವ ವಾಹನದ ಕಡೆಗೆ ಹೊರಳುವಾಗಲೂ ಅದೇ ಹರಿತವನ್ನು ಉಳಿಸಿಕೊಂಡಿರುತ್ತದೆಯೇ? ಒಂದು ಮೊರ ಅಕ್ಕಿಯಲ್ಲಿ ಒಂದೇ ಒಂದು ಹುಳುವನ್ನು ಹುಡುಕಿ ತೆಗೆಯುವ ಮನೆಯವರು, ಒಂದೂವರೆ ಟನ್ ತೂಕದ ಯಂತ್ರವನ್ನು ಇಳಿಜಾರಿನಲ್ಲಿ ನಡೆಸುವ ಮುನ್ನ ಅದರ ಅಡಿಭಾಗವನ್ನು ಒಮ್ಮೆಯಾದರೂ ಬಗ್ಗಿ ನೋಡಿರುತ್ತಾರೆಯೇ? ಈ ಪ್ರಶ್ನೆ ಮೇಲ್ನೋಟಕ್ಕೆ ಗ್ಯಾರೇಜಿಗೆ ಸೇರಿದ್ದೆಂದು ತೋರಬಹುದು. ವಿಚಾರ ಮಾಡಿದರೆ ಇದು ಆಚಾರಕ್ಕೇ ಸೇರಿದ್ದು.

ಮೈಸೂರಿನ ಒಬ್ಬ ವರ್ತಕ ಗೃಹಸ್ಥರ ಪ್ರಸಂಗವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅವರ ಹೆಸರು ಅನಗತ್ಯ. ಇಂಥದು ಯಾರ ಮನೆಯಲ್ಲಾದರೂ ನಡೆಯಬಹುದು. ಅವರ ಬಳಿ ಹತ್ತು ವರ್ಷಕ್ಕೂ ಹಳೆಯದಾದ ಒಂದು ಹೈಬ್ರಿಡ್ ಕಾರಿತ್ತು. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಕೂಡಿ ನಡೆಸುವ ಇಂಥ ಕಾರನ್ನು ಟೊಯೋಟಾ ಸಂಸ್ಥೆ ಪ್ರಿಯಸ್ ಎಂಬ ಹೆಸರಿನಲ್ಲಿ 1997ರಲ್ಲಿ ಜಪಾನಿನ ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ 2008ರಲ್ಲಿ, ಪ್ರಿಯಸ್ 2010ರಲ್ಲಿ ಮಾರಾಟಕ್ಕೆ ಬಂದವು. 2013ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯಲ್ಲಿಯೇ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಆರಂಭವಾಯಿತು. ಆ ಕಾಲದಲ್ಲಿ ಗೃಹಸ್ಥರು ಇಂಥದೊಂದು ಕಾರನ್ನು ಸಾಮಾನ್ಯ ಕಾರಿಗಿಂತ ಹೆಚ್ಚು ಬೆಲೆ ತೆತ್ತು ಕೊಂಡರು. ಇಂಧನ ಕಡಿಮೆ ಉರಿಯುತ್ತದೆ, ಹೊಗೆ ಕಡಿಮೆ. ಅಷ್ಟರಮಟ್ಟಿಗೆ ಅಗ್ನಿಕಾಯ, ವಾಯುಕಾಯ ಜೀವಗಳ ಬಾಧೆಯೂ ಕಡಿಮೆ ಎಂಬ ಸಮಾಧಾನ ಅವರಿಗಿತ್ತು. ಆ ಸಮಾಧಾನದಲ್ಲಿ ತಪ್ಪೇನೂ ಇರಲಿಲ್ಲ.

ವಯಸ್ಸಾಯಿತು, ಇನ್ನು ಚಿಕ್ಕ ಕಾರು ಸಾಕು ಎಂದು ತೀರ್ಮಾನಿಸಿದ ಅವರು ಹಳೆಯ ಕಾರನ್ನು ಬಸದಿಯ ಆಡಳಿತ ಸಮಿತಿಗೆ ದಾನವಾಗಿ ಕೊಡುವುದಾಗಿ ಮಾತು ಕೊಟ್ಟಿದ್ದರು. ಸಮಿತಿಯವರಿಗೆ ಬಹಳ ಸಂತೋಷವಾಗಿತ್ತು. ಬಸ್ಸು ಹತ್ತಲಾರದ ವೃದ್ಧರನ್ನು ಗೊಮ್ಮಟಗಿರಿಗೂ ಶ್ರವಣಬೆಳಗೊಳಕ್ಕೂ ಕರೆದೊಯ್ಯಲು ಅನುಕೂಲವಾಯಿತೆಂದು ಮೊದಲ ಯಾತ್ರೆಯ ದಿನವನ್ನೂ ಗೊತ್ತುಮಾಡಿದ್ದರು. ಆ ದಿನಕ್ಕೆ ಮೂರು ವಾರಗಳಿದ್ದಾಗ ಗೃಹಸ್ಥರು ಊರಿಂದ ಬಂದ ನೆಂಟರನ್ನು ಕೂರಿಸಿಕೊಂಡು ಒಂದು ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋದರು.

ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದ ಆ ಬೆಟ್ಟ ಮೈಸೂರು ನಗರದ ನೆಲದಿಂದ ಸುಮಾರು 300 ಮೀಟರ್ ಮೇಲೆದ್ದು ನಿಂತಿದೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದ ಸಾವಿರ ಮೆಟ್ಟಿಲುಗಳ ದಾರಿಯೊಂದು, ತಿರುವುಗಳಿಂದ ಕೂಡಿದ ವಾಹನದ ರಸ್ತೆಯೊಂದು ಮೇಲಕ್ಕೆ ಏರುತ್ತವೆ. ಏಕಶಿಲೆಯ ನಂದಿಯ ಬಳಿ ಕಾಲ್ನಡಿಗೆಯವರೂ ವಾಹನದವರೂ ಸೇರುತ್ತಾರೆ. ಸುತ್ತಲೂ ಕಾದಿಟ್ಟ ಅರಣ್ಯ. ಅಲ್ಲಿ ನವಿಲು, ಕೋತಿ, ಚಿರತೆಗಳಿವೆ. ಬೆಳಗಿನ ಹೊತ್ತು ಬರಿಗಾಲಿನಲ್ಲಿ ನಡೆಯುವ ಭಕ್ತರು, ಓಡುವ ತರುಣರು, ಸೈಕಲ್ಲಿನವರು ರಸ್ತೆಯ ತುಂಬ. ಅಂದರೆ ಇದು ಹತ್ತಿದವನಿಗಿಂತ ಇಳಿಯುವವನು ಹೆಚ್ಚು ಎಚ್ಚರವಾಗಿರಬೇಕಾದ ರಸ್ತೆ.

ಇಳಿಯುವಾಗ ಒಂದು ತಿರುವಿನಲ್ಲಿ ಮರಿಯನ್ನು ಹೊಟ್ಟೆಗೆ ಕಚ್ಚಿಕೊಂಡ ಒಂದು ತಾಯಿ ಕೋತಿ ರಸ್ತೆಯನ್ನು ಅಡ್ಡಹಾಯಿತು. ವೇಗ ಹೆಚ್ಚೇನೂ ಇರಲಿಲ್ಲ. ಗೃಹಸ್ಥರು ಬ್ರೇಕನ್ನು ಒತ್ತಿದರು. ಕಾರಿನ ಮೂತಿ ನೆಲಕ್ಕೆ ಬಾಗಿತು, ಹಿಂಭಾಗ ಹಗುರವಾಗಿ ಮೇಲೆದ್ದಿತು, ರಸ್ತೆಯ ಏರುಪೇರಿನ ಮೇಲೆ ಚಕ್ರಗಳು ಎರಡು ಬಾರಿ ಪುಟಿದವು. ನಿಲ್ಲಬೇಕಾದ ಜಾಗವನ್ನು ದಾಟಿ ಕಾರು ನಿಂತಿತು. ಕೋತಿ ಒಂದು ಮೊಳದ ಅಂತರದಲ್ಲಿ ಪಾರಾಗಿ ಕಟ್ಟೆ ಹಾರಿತು. ಯಾರಿಗೂ ಏನೂ ಆಗಲಿಲ್ಲ. ನೆಂಟರು ನಕ್ಕು ಮಾತು ಬದಲಿಸಿದರು. ಗೃಹಸ್ಥರ ಪತ್ನಿ ಮಾತ್ರ, "ರೀ, ಕಾರು ಮೊದಲು ಹೀಗೆ ಮುಗ್ಗರಿಸ್ತಿರಲಿಲ್ಲ, ಅಲ್ವಾ?" ಎಂದರು.

ಮರುದಿನ ಗ್ಯಾರೇಜಿನವನು ಕಾರನ್ನು ಮೇಲೆತ್ತಿ ದೀಪ ಹಿಡಿದು ನೋಡಿದ. ನಾಲ್ಕು ಚಕ್ರಗಳ ಶಾಕ್ ಅಬ್ಸಾರ್ಬರುಗಳ ಮೈಮೇಲೂ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿತ್ತು. ಟೈರಿನ ಮೈ ಒಂದೇ ಸಮನಾಗಿ ಸವೆಯದೆ ಅಲ್ಲಲ್ಲಿ ಬಟ್ಟಲಿನಂತೆ ತಗ್ಗಿತ್ತು. "ನಾಲ್ಕೂ ಹೋಗಿವೆ ಸಾರ್," ಎಂದ ಅವನು. "ಇದು ನಿನ್ನೆ ಮೊನ್ನೆ ಹೋಗಿದ್ದಲ್ಲ. ಎರಡು ವರ್ಷದಿಂದ ಗಾಡಿ ನಿಮಗೆ ಹೇಳ್ತಾನೇ ಇದ್ದಿರಬೇಕು."

ಈ ಕೊನೆಯ ಮಾತಿನಲ್ಲಿಯೇ ಇಡೀ ನೈತಿಕ ಪ್ರಶ್ನೆ ಅಡಗಿದೆ.

ಈ ಉಪಕರಣದ ಕೆಲಸವೇನೆಂಬುದನ್ನು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಉಬ್ಬು ಬಂದಾಗ ಅದು ಅದುಮಿಕೊಳ್ಳುತ್ತದೆ, ಮತ್ತೆ ಚಿಮ್ಮುತ್ತದೆ. ಚಿಮ್ಮಿದ್ದು ಪುನಃ ಅದುಮಿಕೊಳ್ಳುತ್ತದೆ. ತಾನಾಗಿ ಬೇಗನೆ ನಿಲ್ಲುವ ಗುಣ ಸ್ಪ್ರಿಂಗಿಗಿಲ್ಲ. ಆ ಚಲನೆಯನ್ನು ಅಡಗಿಸುವುದು ಶಾಕ್ ಅಬ್ಸಾರ್ಬರು. ಕೊಳವೆಯೊಳಗಿನ ಎಣ್ಣೆ ಪಿಸ್ಟನ್ನಿನ ಸಣ್ಣ ರಂಧ್ರಗಳ ಮೂಲಕ ಬಲವಂತವಾಗಿ ಹಾಯುವಾಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ. ಕೆಲವು ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ, ಕೆಲವದರಲ್ಲಿ ನಾಲ್ಕೂ ಚಕ್ರಗಳಿಗೆ, ಸ್ಪ್ರಿಂಗನ್ನೂ ಶಾಕನ್ನೂ ಒಂದೇ ಕಂಬವಾಗಿ ಕೂಡಿಸಿರುತ್ತಾರೆ. ಅದನ್ನು ಸ್ಟ್ರಟ್ ಎನ್ನುತ್ತಾರೆ. ಚಕ್ರವನ್ನು ಅದರ ಸರಿಯಾದ ನಿಲುವಿನಲ್ಲಿ ಹಿಡಿದಿಡುವ ಹೊಣೆಯೂ ಸ್ಟ್ರಟ್ಟಿನದೇ. ಸುಖಾಸನಕ್ಕಾಗಿ ಇರುವ ಸೌಕರ್ಯ ಇದೆಂದು ಬಹಳ ಜನ ಭಾವಿಸಿದ್ದಾರೆ. ವಾಸ್ತವವಾಗಿ ಇದರ ಮೊದಲ ಕರ್ತವ್ಯ ಟೈರನ್ನು ನೆಲಕ್ಕೆ ಅಂಟಿಸಿ ಇಡುವುದು. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ.

ಇದರ ಸವಕಳಿಯ ಸ್ವಭಾವವೇ ವಿಚಿತ್ರ. ಟೈರು ಒಡೆದರೆ ತಿಳಿಯುತ್ತದೆ, ದೀಪ ಆರಿದರೆ ಕಾಣುತ್ತದೆ. ಶಾಕ್ ದಿನಕ್ಕೆ ಒಂದು ಕೂದಲೆಳೆಯಷ್ಟು ಶಕ್ತಿಗುಂದುತ್ತ ಹೋಗುತ್ತದೆ. ಅದರೊಂದಿಗೆ ನಡೆಸುವವನ ಕೈಯೂ ಮೈಯೂ ಹೊಂದಿಕೊಳ್ಳುತ್ತ ಹೋಗುತ್ತವೆ. ಆದ್ದರಿಂದಲೇ ಸುಮಾರು 80,000 ಕಿಲೋಮೀಟರ್ ಓಡಿದ ಮೇಲೆ ತೊಂದರೆ ಕಾಣಲಿ ಬಿಡಲಿ ಪರೀಕ್ಷೆ ಮಾಡಿಸುವ ವಾಡಿಕೆ ಬೆಳೆದಿದೆ. ಹೈಬ್ರಿಡ್ ಕಾರಿನಲ್ಲಿ ಮರೆವಿಗೆ ಇನ್ನೂ ಒಂದು ಕಾರಣವಿದೆ. ಇಳಿಜಾರಿನಲ್ಲಿ ಅದರ ಮೋಟಾರೇ ಜನರೇಟರಾಗಿ ಕಾರಿನ ವೇಗವನ್ನು ಹಿಡಿದು ಬ್ಯಾಟರಿಯನ್ನು ತುಂಬಿಸುತ್ತದೆ. ಬ್ಯಾಟರಿ ತುಂಬಿದ ಮೇಲೆ ಗೇರಿನ 'ಬಿ' ಸ್ಥಾನದಲ್ಲಿ ಎಂಜಿನ್ನಿನ ತಡೆಯನ್ನು ಬಳಸಬಹುದು. ಹೀಗಾಗಿ ಬ್ರೇಕಿನ ಪ್ಯಾಡುಗಳು ಬಹುಕಾಲ ಹೊಸದರಂತೆಯೇ ಇರುತ್ತವೆ. ಖರ್ಚಿನ ಚೀಟಿ ಚಿಕ್ಕದಾಗಿರುವುದನ್ನು ನೋಡಿದ ಯಜಮಾನರಿಗೆ ಇಡೀ ಕಾರೇ ಸವೆಯುತ್ತಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಆದರೆ ಶಾಕ್ ಅಬ್ಸಾರ್ಬರಿಗೆ ಹೈಬ್ರಿಡ್ ಎಂಬ ವಿನಾಯಿತಿ ಇಲ್ಲ. ಹೆಚ್ಚುವರಿ ಬ್ಯಾಟರಿಯ ಭಾರವನ್ನೂ ಅದು ಹೊರಬೇಕು. ಎಂಜಿನ್ ನಿಂತು ನಿಶ್ಶಬ್ದವಾಗಿ ಸಾಗುವ ಕಾರಿನಲ್ಲಿ ಅಡಿಯ ಕಟಕಟ ಸದ್ದು ಹೆಚ್ಚು ಸ್ಪಷ್ಟವಾಗಿ ಕೇಳಬೇಕಿತ್ತು. ಗೃಹಸ್ಥರಿಗೆ ಕೇಳಿಸಿಯೂ ಇತ್ತು. ಕೇಳಿದಾಗಲೆಲ್ಲ ಅವರು ಕಿಟಕಿಯ ಗಾಜನ್ನು ಏರಿಸಿ ಸ್ತೋತ್ರದ ಧ್ವನಿಯನ್ನು ಸ್ವಲ್ಪ ಹೆಚ್ಚಿಸುತ್ತಿದ್ದರು.

ಕಾಣದ ಸವಕಳಿಗೆ ಬೆಟ್ಟದ ರಸ್ತೆಯೂ ಒಂದು ಸಾಕ್ಷಿ ನುಡಿದಿದೆ. 2021ರ ಅಕ್ಟೋಬರ್‌ನಲ್ಲಿ ಮಳೆಗೆ ನಂದಿಯ ಕಡೆಗೆ ಹೋಗುವ ರಸ್ತೆಯ ಒಂದು ಭಾಗ ಕುಸಿಯಿತು. ಮಳೆ ಮುಂದುವರಿದಾಗ ನವೆಂಬರ್‌ನಲ್ಲಿ ಮತ್ತೆ ಜರಿಯಿತು. ಇಂಥ ಕುಸಿತದಲ್ಲಿ ಡಾಂಬರು ಬಿರಿಯುವುದು ಕೊನೆಯ ಘಟ್ಟ. ಅದಕ್ಕೆ ಮೊದಲೇ ಇಂಗಿದ ನೀರು ಅಡಿಯ ಮಣ್ಣನ್ನು ಸಡಿಲಗೊಳಿಸಿರುತ್ತದೆ. ಅವಘಡ ನಡೆದ ದಿನಾಂಕ ಒಂದು, ಅವಘಡ ಆರಂಭವಾದ ದಿನಾಂಕ ಇನ್ನೊಂದು.

ಹಿಂಸೆಗೂ ಹೀಗೆಯೇ ಎರಡು ದಿನಾಂಕಗಳಿವೆ. ಕೋತಿ ಸಾಯಲಿಲ್ಲ, ಕೊಲ್ಲುವ ಸಂಕಲ್ಪವೂ ಗೃಹಸ್ಥರಿಗಿರಲಿಲ್ಲ. ಹಾಗಿದ್ದ ಮೇಲೆ ಇಲ್ಲಿ ಹಿಂಸೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಸಹಜವಾದದ್ದು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸಂಪೂರ್ಣವಾಗಿ ತ್ಯಾಜ್ಯ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಆದಷ್ಟು ಸಂಯಮ ಎಂದು ವಿಭಾಗಿಸಿರುವುದುಂಟು. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಗೆ ಪ್ರಮಾದವನ್ನು ಕಾರಣವಾಗಿ ಜೋಡಿಸಿದ್ದಾರೆ. ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಬಿಡಿಸಿ ವಿವೇಚಿಸಿದ್ದಾರೆ. ಅವರ ವಿವೇಚನೆಯ ತಾತ್ಪರ್ಯವಿಷ್ಟು: ಎಚ್ಚರದಿಂದ ವರ್ತಿಸಿದವನಿಂದ ಒಂದು ಜೀವಿಗೆ ಅಕಸ್ಮಾತ್ತಾಗಿ ಹಾನಿಯಾದರೂ ಅವನು ಹಿಂಸಕನಲ್ಲ, ಎಚ್ಚರಗೇಡಿಯಾದವನು ಯಾವ ಜೀವಿಯೂ ಸಾಯದಿದ್ದರೂ ಹಿಂಸಕನೇ, ಏಕೆಂದರೆ ಅವನು ಮೊದಲು ತನ್ನ ಆತ್ಮವನ್ನೇ ಘಾತಿಸಿಕೊಂಡಿರುತ್ತಾನೆ.

ಮುನಿಗಳ ಈರ್ಯಾಸಮಿತಿಯ ಅರ್ಥವೂ ಇದೇ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆ ಇಡುವ ಮುನಿಗೆ ಪ್ರತಿ ಹೆಜ್ಜೆಯಲ್ಲೂ ಹುಳು ಸಿಗುವುದಿಲ್ಲ. ಹುಳು ಇಲ್ಲದ ನೆಲದಲ್ಲಿಯೂ ಅವನು ನೋಡಿಯೇ ನಡೆಯುತ್ತಾನೆ. ಆ ನೋಟವೇ ಅಹಿಂಸೆ. ಕಾರು ನಡೆಸುವ ಶ್ರಾವಕ ತಾನು ನಿಲ್ಲಬಲ್ಲ ದೂರವನ್ನು ತಿಳಿದಿರಬೇಕು. ಸವೆದ ಶಾಕ್ ಮಾಡುವ ಮೋಸವೆಂದರೆ ಆ ದೂರವನ್ನು ಅವನಿಗೆ ಹೇಳದೆಯೇ ಹಿಗ್ಗಿಸುವುದು. ಕಣ್ಣು ನಾಲ್ಕು ಮಾರು ನೋಡುತ್ತಿದೆ, ಗಾಡಿ ಆರು ಮಾರಿಗೆ ನಿಲ್ಲುತ್ತದೆ. ಈ ಅಂತರ ತಿಳಿಯದಿದ್ದಷ್ಟು ಕಾಲ ಅದು ಅಜ್ಞಾನ. ಸದ್ದು ಕೇಳಿಸಿಯೂ ಗಾಜನ್ನು ಏರಿಸಿದ ಕ್ಷಣದಿಂದ ಅದು ಪ್ರಮಾದ. ಗೃಹಸ್ಥರ ಪಾಲಿಗೆ ಹಿಂಸೆ ಆರಂಭವಾದದ್ದು ಬೆಟ್ಟದ ತಿರುವಿನಲ್ಲಲ್ಲ, ಎರಡು ವರ್ಷಗಳ ಹಿಂದೆ ನಗರದ ಯಾವುದೋ ಬೀದಿಯಲ್ಲಿ.

ಇದನ್ನೆಲ್ಲ ನೋಡಿಕೊಳ್ಳಲು ಸರ್ಕಾರವಿಲ್ಲವೇ ಎಂದು ಕೇಳಬಹುದು. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ ಇದೆ. ಆ ನಂತರ ತಪಾಸಣೆಗೆ ಒಳಪಡಿಸಿ 5 ವರ್ಷಕ್ಕೆ ನವೀಕರಿಸಬೇಕು. ನಡುವೆ ನಿಯತವಾಗಿ ಆಗುವುದು ಹೊಗೆಯ ಪರೀಕ್ಷೆ. ಹೈಬ್ರಿಡ್ ಕಾರು ಅದರಲ್ಲಿ ನಿರಾಯಾಸವಾಗಿ ಉತ್ತೀರ್ಣವಾಗುತ್ತದೆ. ಶಾಕ್ ಸವೆದಿದೆಯೇ ಎಂದು ಆ ಅವಧಿಯಲ್ಲಿ ಯಾರೂ ಕೇಳುವುದಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಪ್ರಾಣ ಕಳೆದುಕೊಂಡರು. ಅವುಗಳಲ್ಲಿ ಅತಿ ವೇಗ, ಅಜಾಗರೂಕತೆಗಳು ದಾಖಲಾಗುತ್ತವೆ. ನಿಲ್ಲಬೇಕಾದ ಕಡೆ ಒಂದು ಮಾರು ತಡವಾಗಿ ನಿಂತ ಗಾಡಿಯ ಒಳಗಿನ ಸವಕಳಿ ಬಹುಮಟ್ಟಿಗೆ ಯಾರ ಕಡತಕ್ಕೂ ಏರುವುದಿಲ್ಲ. ಕಾನೂನಿನ ಪ್ರಶ್ನೆ ಮುಗಿದಲ್ಲಿಂದ ಅಣುವ್ರತದ ಪ್ರಶ್ನೆ ಪ್ರಾರಂಭವಾಗುತ್ತದೆ.

ಗ್ಯಾರೇಜಿನವನು ಖರ್ಚಿನ ಅಂದಾಜನ್ನು ಬರೆದುಕೊಟ್ಟ. ಅದು ಹಗುರವಾದ ಮೊತ್ತವಾಗಿರಲಿಲ್ಲ. ಮೂರು ವಾರಗಳಲ್ಲಿ ಕೈಬಿಟ್ಟು ಹೋಗುವ ಕಾರಿಗೆ ಇಷ್ಟು ಹಣ ಸುರಿಯುವುದು ವ್ಯಾಪಾರದ ಬುದ್ಧಿಗೆ ಒಪ್ಪುವ ಮಾತಲ್ಲ. ಗೃಹಸ್ಥರ ಮುಂದೆ ಮೂರು ದಾರಿಗಳು ತೆರೆದುಕೊಂಡವು. ಪ್ರತಿಯೊಂದಕ್ಕೂ ಒಬ್ಬೊಬ್ಬ ಹಿತೈಷಿ ಇದ್ದ.

ಮೊದಲನೆಯವನು ದಲ್ಲಾಳಿ. ಚೆನ್ನಾಗಿ ತೊಳೆದು ಹೊಳಪು ಕೊಟ್ಟು ನಿಲ್ಲಿಸಿದರೆ ಒಳ್ಳೆಯ ಬೆಲೆಗೆ ಹೋಗುತ್ತದೆ, ಬಂದ ಹಣವನ್ನು ಬಸದಿಗೆ ಕೊಡಿ ಎಂದ ಅವನು. ಕೊಳ್ಳುವವನು ಕೇಳಿದರೆ ತಾನೇ ಹೇಳುವುದು? ಇಲ್ಲಿ ಸತ್ಯಾಣುವ್ರತಕ್ಕೆ ಬರುವ ಭಂಗವನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಗಂಭೀರವಾದದ್ದು ಮತ್ತೊಂದಿದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಐದು ಬಗೆಯ ಅನರ್ಥದಂಡಗಳಲ್ಲಿ ಹಿಂಸಾದಾನ ಒಂದು. ಹಿಂಸೆಗೆ ಕಾರಣವಾಗುವ ಉಪಕರಣವನ್ನು ಇನ್ನೊಬ್ಬರ ಕೈಗೆ ಕೊಡುವುದು ಎಂದು ಅದರ ಅರ್ಥ. ಪ್ರಾಚೀನರು ಕತ್ತಿ, ಕೊಡಲಿ, ವಿಷ, ಸಂಕೋಲೆಗಳನ್ನು ನೆನೆದರು. ಕತ್ತಿಯನ್ನು ಪಡೆದವನಿಗೆ ಅದು ಕತ್ತಿಯೆಂದು ತಿಳಿದಿರುತ್ತದೆ. ದೋಷವನ್ನು ಮುಚ್ಚಿಟ್ಟ ವಾಹನವನ್ನು ಪಡೆದವನಿಗೆ ಆ ತಿಳಿವಳಿಕೆಯೂ ಇಲ್ಲ. ಬಂದ ಹಣ ಬಸದಿಯ ಹುಂಡಿಗೆ ಹೋದ ಮಾತ್ರಕ್ಕೆ ಅದು ಬಂದ ದಾರಿ ಶುದ್ಧವಾಗುವುದಿಲ್ಲ.

ಎರಡನೆಯವನು ಬಿಡಿಭಾಗಗಳ ವ್ಯಾಪಾರಿಯ ಗೆಳೆಯ. ಕಂಪೆನಿಯ ಹೆಸರಿನ ಡಬ್ಬಿಯಲ್ಲಿಯೇ ನಕಲಿ ಮಾಲು ಅರ್ಧ ಬೆಲೆಗೆ ದೊರೆಯುತ್ತದೆ. ಬೇಡವೆಂದರೆ ಗುಜರಿಯಿಂದ ಬಿಚ್ಚಿದ್ದನ್ನು ತಂದು ಹಾಕಬಹುದು ಎಂದನಂತೆ. ಅಚೌರ್ಯ ವ್ರತದ ಅತಿಚಾರಗಳ ಪಟ್ಟಿ ವರ್ತಕರಿಗೆಂದೇ ಬರೆದಂತಿದೆ. ಅಸಲಿನ ವೇಷದಲ್ಲಿ ನಕಲಿಯನ್ನು ನಡೆಸುವುದು ಪ್ರತಿರೂಪಕ ವ್ಯವಹಾರ. ಕದ್ದು ತಂದದ್ದನ್ನು ಕೊಳ್ಳುವುದು ತದಾಹೃತಾದಾನ. ಗುಜರಿಯ ಮಾಲೆಲ್ಲ ಕಳವಿನದಲ್ಲ, ಬೇರೆ ತಯಾರಕರ ಅಗ್ಗದ ಮಾಲೆಲ್ಲ ನಕಲಿಯೂ ಅಲ್ಲ. ತನ್ನ ಸ್ವಂತ ಹೆಸರಿನಿಂದಲೇ ಮಾರಾಟವಾಗುವ ಉತ್ತಮ ಮಾಲನ್ನು ಕೊಳ್ಳಲು ಅಡ್ಡಿಯಿಲ್ಲ. ಆದರೆ ಮೂಲ ತಿಳಿಯದ ವಸ್ತುವನ್ನು ಮೂಲ ವಿಚಾರಿಸದೆಯೇ ಕೊಳ್ಳುವುದು ಅದೇ ಗಾಜು ಏರಿಸುವ ಕೆಲಸ. ಮೇಲಾಗಿ, ಎಷ್ಟು ಸವೆದಿದೆಯೆಂದು ತಿಳಿಯದ ಶಾಕನ್ನು ತೆಗೆದು ಎಷ್ಟು ಸವೆದಿದೆಯೆಂದು ತಿಳಿಯದ ಇನ್ನೊಂದನ್ನು ಹಾಕಿದರೆ ಆದ ಲಾಭವೇನು?

ಮೂರನೆಯ ಹಿತೈಷಿ ಹೊರಗಿನವನಲ್ಲ, ಗೃಹಸ್ಥರ ಮನಸ್ಸೇ. ಹೇಗೂ ದಾನವಾಗಿ ಕೊಡುವುದಲ್ಲವೇ, ಹಾಗೆಯೇ ಕೊಟ್ಟುಬಿಟ್ಟರೆ ಸಮಿತಿಯವರು ಮಾಡಿಸಿಕೊಳ್ಳುತ್ತಾರೆ, ದಾನದ ಹಸುವಿನ ಹಲ್ಲನ್ನು ಯಾರು ಎಣಿಸುತ್ತಾರೆ ಎಂದಿತು ಅದು. ಮೂರರಲ್ಲಿ ಇದೇ ಹೆಚ್ಚು ಅಪಾಯಕಾರಿಯಾದದ್ದು, ಏಕೆಂದರೆ ಇದು ಪುಣ್ಯದ ಬಟ್ಟೆಯನ್ನು ಉಟ್ಟುಕೊಂಡು ಬಂದಿತ್ತು. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷ ಬರುತ್ತದೆ ಎಂಬುದು ಆಗಮದ ನಿಲುವು. ದ್ರವ್ಯದಲ್ಲಿ ದೋಷವಿದ್ದು ದಾತೃ ಅದನ್ನು ಬಲ್ಲವನಾದರೆ, ಉಳಿದ ಎರಡು ಎಷ್ಟು ನಿರ್ಮಲವಾಗಿದ್ದರೂ ಆ ದಾನ ಕುಂಟುತ್ತದೆ. ಆಹಾರದಾನದಲ್ಲಿ ಹಳಸಿದ್ದನ್ನು ಬಡಿಸುವ ಶ್ರಾವಕನಿಲ್ಲ. ಕಾರಿನಲ್ಲಿ ಕೂರುವವರು ಯಾರು? ಮಂಡಿನೋವಿನ ಅಜ್ಜಿಯರು, ಕಣ್ಣು ಮಂಜಾದ ಹಿರಿಯರು. ಕಾರು ಮುಗ್ಗರಿಸಿದರೆ ಸೀಟಿನ ಅಂಚನ್ನು ಹಿಡಿದುಕೊಳ್ಳಲೂ ಕೈ ಸಾಲದವರು.

ಇನ್ನೊಂದು ಆಕ್ಷೇಪವನ್ನು ಅಪರಿಗ್ರಹದ ದಿಕ್ಕಿನಿಂದ ಎತ್ತಬಹುದು. ಹಳೆಯ ವಸ್ತುವಿಗೆ ಹಣ ಸುರಿಯುತ್ತ ಹೋಗುವುದು ಅದರ ಮೇಲಿನ ಮೋಹವಲ್ಲವೇ? ಹಾಗಲ್ಲವೆಂದು ಹಳೆಯದನ್ನು ಎಸೆದು ಹೊಸದನ್ನು ಕೊಂಡರೆ ಅದೂ ಪರಿಗ್ರಹದ ವೃದ್ಧಿಯಲ್ಲವೇ? ಇವೆರಡರ ನಡುವೆ ಸಿಕ್ಕಿದ ಮನುಷ್ಯ ಏನನ್ನೂ ಮಾಡದೆ ಸುಮ್ಮನಿರುವುದನ್ನೇ ವೈರಾಗ್ಯವೆಂದು ತಿಳಿಯುವ ಸಂಭವವಿದೆ. ಈ ಗೊಂದಲಕ್ಕೆ ದಿಗಂಬರ ಮುನಿಗಳ ಆಚಾರದಲ್ಲಿಯೇ ಉತ್ತರವಿದೆ. ವಸ್ತ್ರವನ್ನೂ ತ್ಯಜಿಸಿದ ಮುನಿಯ ಕೈಯಲ್ಲಿ ನವಿಲುಗರಿಯ ಪಿಂಛಿ ಇರುತ್ತದೆ. ಕೂರುವಾಗ, ಏಳುವಾಗ, ಕಮಂಡಲುವನ್ನು ಇಡುವಾಗ ಸೂಕ್ಷ್ಮ ಜೀವಿಗಳನ್ನು ನೋಯಿಸದೆ ಸರಿಸುವ ಸಂಯಮೋಪಕರಣ ಅದು. ವರ್ಷವಿಡೀ ಬಳಸಿದ ಗರಿ ಸವೆದು ಮೃದುತ್ವವನ್ನು ಕಳೆದುಕೊಳ್ಳುತ್ತದೆ. ಕಾಪಾಡಬೇಕಾದ ಗರಿಯೇ ಚುಚ್ಚತೊಡಗುತ್ತದೆ. ಆದ್ದರಿಂದ ಚಾತುರ್ಮಾಸದ ಕೊನೆಯಲ್ಲಿ ಪಿಂಛಿ ಪರಿವರ್ತನೆಯ ಸಮಾರಂಭ ನಡೆಯುತ್ತದೆ. ಸರ್ವಸ್ವವನ್ನೂ ತೊರೆದವರು ಕೂಡ ಇದೊಂದನ್ನು ಸವೆಯಲು ಬಿಡುವುದಿಲ್ಲ. ಅದನ್ನು ಯಾರೂ ಪರಿಗ್ರಹವೆಂದು ಕರೆದಿಲ್ಲ.

ಈ ನಿದರ್ಶನವನ್ನು ಅನುಸರಿಸಿದರೆ ಕಾರಿನಲ್ಲಿ ಯಾವುದು ಮೋಹ, ಯಾವುದು ಸಂಯಮ ಎಂಬುದು ತಾನಾಗಿ ಬೇರ್ಪಡುತ್ತದೆ. ಸೀಟಿನ ಹೊದಿಕೆ ಮಾಸಿದರೆ ಮಾಸಲಿ. ಬಣ್ಣ ಮಂಕಾದರೆ ಆಗಲಿ. ಅವು ಸವೆದರೆ ನೋಯುವುದು ಯಜಮಾನನ ಅಭಿಮಾನ ಮಾತ್ರ. ಶಾಕ್, ಬ್ರೇಕು, ಟೈರುಗಳು ಸವೆದರೆ ನೋಯುವವರು ಬೇರೆಯವರು. ತನಗಾಗಿ ಮಾಡುವ ಖರ್ಚಿನಲ್ಲಿ ಜಿಪುಣತನ ಗುಣವಾಗಬಹುದು. ಪರರ ಪ್ರಾಣದ ಲೆಕ್ಕದಲ್ಲಿ ಅದು ಗುಣವಲ್ಲ.

ಲೆಕ್ಕದ ಮಾತು ಬಂದುದರಿಂದ ಒಂದು ಸಂಗತಿಯನ್ನು ಗಮನಿಸಬಹುದು. ವರ್ತಕರ ಖಾತೆಯಲ್ಲಿ ಸವಕಳಿ ಎಂಬ ಕಲಮು ಪ್ರತಿವರ್ಷ ತಪ್ಪದೆ ಬೀಳುತ್ತದೆ. ವಾಹನದ ಬೆಲೆ ವರ್ಷದಿಂದ ವರ್ಷಕ್ಕೆ ಇಷ್ಟಿಷ್ಟು ಕುಗ್ಗಿತೆಂದು ಬರೆದು ಅಷ್ಟಕ್ಕೆ ತೆರಿಗೆಯ ಅನುಕೂಲವನ್ನೂ ಪಡೆಯುತ್ತಾರೆ. ಅಂದರೆ ವಸ್ತು ಸವೆಯುತ್ತಿದೆಯೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಕಾಗದದ ಮೇಲೆ ಅದಕ್ಕೆ ಸಹಿಯನ್ನೂ ಹಾಕಿರುತ್ತಾರೆ. ತಮಗೆ ಲಾಭವಿರುವಲ್ಲಿ ಒಪ್ಪಿಕೊಂಡ ಸವಕಳಿಯನ್ನು ಪರರಿಗೆ ಅಪಾಯವಿರುವಲ್ಲಿ ಒಪ್ಪದಿರುವುದು ಯಾವ ನ್ಯಾಯ? ರಿಪೇರಿ ಮಾಡಿಸದೆ ಉಳಿಸಿದ ಹಣ ಉಳಿತಾಯವಲ್ಲ. ಅದು ದಾರಿಹೋಕರಿಂದ ಅವರಿಗೆ ತಿಳಿಸದೆ ಎತ್ತಿದ ಸಾಲ.

ಕೊನೆಗೆ ಗೃಹಸ್ಥರು ಸಮಿತಿಯ ಸಭೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದರು. ಯಾತ್ರೆಯ ದಿನವನ್ನು ಮುಂದೂಡಬೇಕೆಂದು ಕೇಳಿಕೊಂಡರು. ಕೆಲವರಿಗೆ ಬೇಸರವಾಯಿತು, ಇಷ್ಟು ಸಣ್ಣ ವಿಷಯಕ್ಕೆ ಆಹ್ವಾನ ಪತ್ರಿಕೆಯನ್ನು ಮತ್ತೆ ಅಚ್ಚುಹಾಕಿಸಬೇಕೇ ಎಂದರು. ಆಗ ಹಿರಿಯ ಸದಸ್ಯರೊಬ್ಬರು, "ಕಾರು ಕೊಡೋರು ಸಿಗ್ತಾರೆ, ಅದರ ಮೇಲೆ ಹೆಸರು ಬರೆಸೋರೂ ಸಿಗ್ತಾರೆ. ಅದನ್ನ ನೋಡ್ಕೊಳ್ಳೋಕೆ ಕೊಡೋರು ಮಾತ್ರ ಸಿಗೋದಿಲ್ಲ" ಎಂದರು.

ಆ ಮಾತು ಟ್ರಸ್ಟುಗಳೆಲ್ಲ ಮನಗಾಣಬೇಕಾದದ್ದು. ಕರ್ನಾಟಕದ ಜೈನ ಶಾಸನಗಳನ್ನು ಓದಿದವರಿಗೆ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತು ಪರಿಚಿತವಾದದ್ದು. ಬಸದಿಗೆ ಭೂಮಿಯನ್ನು ಬಿಡುವಾಗ ಪೂಜೆಗೆ, ಋಷಿಗಳ ಆಹಾರದಾನಕ್ಕೆ ಎಂದು ಬರೆಸುವುದರ ಜೊತೆಗೆ ಒಡೆದದ್ದು, ಬಿರುಕುಬಿಟ್ಟದ್ದು, ಜೀರ್ಣವಾದದ್ದು ಇವುಗಳ ದುರಸ್ತಿಗೆ ಎಂದೂ ಬರೆಸುತ್ತಿದ್ದರು. ಕಲ್ಲಿನಲ್ಲಿ ಕಟ್ಟಿದ ಬಸದಿಯೇ ಒಂದು ದಿನ ಬಿರುಕು ಬಿಡುತ್ತದೆಂದು ಕಟ್ಟುವ ದಿನವೇ ಒಪ್ಪಿಕೊಂಡು ಅದಕ್ಕೆ ದತ್ತಿ ಇಟ್ಟ ಪೂರ್ವಜರ ವಿವೇಕ ಅದು. ಎಲ್ಲವೂ ಪರಿಣಾಮಶೀಲ, ಪರ್ಯಾಯಗಳು ಬದಲಾಗುತ್ತಲೇ ಇರುತ್ತವೆ ಎಂಬ ತತ್ತ್ವವನ್ನು ಅವರು ದಾನಪತ್ರದಲ್ಲಿಯೂ ಆಚರಿಸಿದರು. ಇಂದಿನ ದಾನಿಗಳು ಉದ್ಘಾಟನೆಗೆ ಕೊಡುತ್ತಾರೆ. ದುರಸ್ತಿಗೆ ಕೊಟ್ಟದ್ದು ಫಲಕದ ಮೇಲೆ ಕಾಣುವುದಿಲ್ಲ.

ಗೃಹಸ್ಥರು ನಾಲ್ಕೂ ಸ್ಟ್ರಟ್ಟುಗಳನ್ನು ಬದಲಾಯಿಸಿದರು. ಎಡ ಬಲಗಳನ್ನು ಜೊತೆಯಾಗಿಯೇ ಬದಲಾಯಿಸಬೇಕು. ಒಂದು ಹೊಸದು, ಒಂದು ಹಳೆಯದು ಆದರೆ ಕಾರು ಬ್ರೇಕಿನಲ್ಲಿ ಒಂದು ಬದಿಗೆ ವಾಲಬಹುದು. ಮೇಲ್ತುದಿಯ ರಬ್ಬರಿನ ಮೌಂಟುಗಳನ್ನೂ ಧೂಳಿನ ಹೊದಿಕೆಗಳನ್ನೂ ಹೊಸದಾಗಿ ಹಾಕಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಬಟ್ಟಲಿನಂತೆ ಸವೆದಿದ್ದ ಟೈರುಗಳನ್ನೂ ತೆಗೆಸಿದರು. ಈ ಕೆಲಸದಲ್ಲಿ ಕೆಲಸಗಾರನ ಪ್ರಾಣದ ಪ್ರಶ್ನೆಯೂ ಇದೆ. ಸ್ಟ್ರಟ್ಟಿನ ಸ್ಪ್ರಿಂಗನ್ನು ತಕ್ಕ ಸಾಧನದಿಂದ ಅದುಮಿ ಹಿಡಿಯದೆ ಮೇಲಿನ ನಟ್ಟನ್ನು ಬಿಚ್ಚಿದರೆ ಅದು ಚಿಮ್ಮಿ ಎದುರಿನವನನ್ನು ಕೊಲ್ಲಬಲ್ಲದು. ಹೈಬ್ರಿಡ್ ಕಾರು ನಿಶ್ಶಬ್ದವಾಗಿ ನಿಂತಿದ್ದರೂ ಚಾಲನೆಯ ಸ್ಥಿತಿಯಲ್ಲಿರಬಹುದು, ಎಂಜಿನ್ ತಾನಾಗಿ ಎಚ್ಚರಗೊಳ್ಳಬಹುದು. ಆದ್ದರಿಂದ ಅದನ್ನು ಪೂರ್ಣವಾಗಿ ಆರಿಸಿ ಕೀಲಿಯನ್ನು ದೂರ ಇಟ್ಟು ಕೆಲಸ ಮಾಡಬೇಕು. ಕಿತ್ತಳೆ ಬಣ್ಣದ ಹೊದಿಕೆಯುಳ್ಳ ತಂತಿಗಳಲ್ಲಿ ಹರಿಯುವುದು ಪ್ರಾಣಾಂತಿಕ ವಿದ್ಯುತ್ತು. ಅರ್ಧ ದಿನದಲ್ಲಿ ಮುಗಿಸೆಂದು ಅವಸರಪಡಿಸುವ ಯಜಮಾನ ಒಂದು ಪ್ರಮಾದವನ್ನು ಕಳೆಯಲು ಹೋಗಿ ಇನ್ನೊಂದನ್ನು ಕಟ್ಟಿಕೊಳ್ಳುತ್ತಾನೆ. ಹಳೆಯ ಶಾಕುಗಳ ಎಣ್ಣೆ ಚರಂಡಿ ಸೇರದಂತೆ ಡಬ್ಬಿಯಲ್ಲಿ ಹಿಡಿಸಿ, ಬಳಸಿದ ಎಣ್ಣೆಯನ್ನು ಸಂಗ್ರಹಿಸುವವರಿಗೆ ಒಪ್ಪಿಸಲು ಹೇಳಿದರು.

ಕಾರನ್ನು ಒಪ್ಪಿಸುವ ದಿನ ಅವರು ಕೀಲಿಯೊಂದಿಗೆ ಮತ್ತೆರಡು ವಸ್ತುಗಳನ್ನು ಕೊಟ್ಟರು. ಒಂದು, ಯಾವ ಭಾಗ ಯಾವ ತಾರೀಕಿನಂದು ಎಷ್ಟು ಕಿಲೋಮೀಟರಿಗೆ ಬದಲಾಯಿತೆಂದು ಬರೆದ ಪುಸ್ತಕ. ಇನ್ನೊಂದು, ಮುಂದಿನ ದುರಸ್ತಿಗೆಂದೇ ಮೀಸಲಾದ ಸಣ್ಣ ಠೇವಣಿ. ಸಮಿತಿಯವರು ನಡಾವಳಿಯಲ್ಲಿ ಆ ಠೇವಣಿಗೆ ಖಂಡಸ್ಫುಟಿತ ನಿಧಿ ಎಂದು ಹೆಸರಿಟ್ಟರು.

ಪ್ರಸಂಗ ಇಲ್ಲಿಗೆ ಸುಖಾಂತವಾಯಿತೆಂದು ಹೇಳಿದರೆ ಅರ್ಧಸತ್ಯವಾದೀತು. ಆ ಎರಡು ವರ್ಷಗಳಲ್ಲಿ ಗೃಹಸ್ಥರ ಸೊಸೆ ಅದೇ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದಳು. ಶಾಲೆಯ ಮುಂದೆ ಬೀದಿ ದಾಟಿದ ಮಕ್ಕಳೆಷ್ಟೋ. ಅವರಲ್ಲಿ ಯಾರಿಗೂ ಏನೂ ಆಗಲಿಲ್ಲವೆಂಬುದು ಅವರ ಆಯುಷ್ಯದ ಬಲ. ಗೃಹಸ್ಥರ ಸಂಯಮದ ಫಲವಲ್ಲ. ಕಳೆದುಹೋದ ಆ ಎರಡು ವರ್ಷಗಳಿಗೆ ಯಾವ ಬಿಡಿಭಾಗವೂ ದೊರೆಯುವುದಿಲ್ಲ. ಅದಕ್ಕಿರುವುದು ಆಲೋಚನೆ, ಪ್ರತಿಕ್ರಮಣ ಮಾತ್ರ. ಪ್ರತಿಕ್ರಮಣದ ಸಂಜೆ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಿಗಳನ್ನು ನೆನೆಯುವಾಗ ಇನ್ನು ಮುಂದೆ ಅವರಿಗೆ ಒಂದು ತಾಯಿ ಕೋತಿಯೂ ಶಾಲೆಯ ಗೇಟೂ ನೆನಪಾಗಬಹುದು. ನೆನಪಾಗಲಿ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರನ್ನು ಪಡೆದವನಿಗೆ ತಾನು ಪಡೆದೆನೆಂಬುದು ತಿಳಿಯುತ್ತದೆ. ಅಭಯದಾನದಲ್ಲಿ ಹಲವು ವೇಳೆ ಕೊಟ್ಟವನಿಗೂ ಪಡೆದವನಿಗೂ ಮುಖಪರಿಚಯವೇ ಇರುವುದಿಲ್ಲ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಬರಿಗಾಲಿನಿಂದ ನಡೆಯುತ್ತಿರುವ ಮುದುಕಿ, ತನ್ನ ಪಕ್ಕದಲ್ಲಿ ಹಾದುಹೋದ ಕಾರಿನ ಅಡಿಯಲ್ಲಿ ಏನು ಬದಲಾಗಿದೆಯೆಂದು ಎಂದಿಗೂ ಅರಿಯಳು. ಅವಳು ಉಸಿರು ಸುಧಾರಿಸಿಕೊಂಡು ಮುಂದಿನ ಹೆಜ್ಜೆ ಇಡುತ್ತಾಳೆ. ಶ್ರಾವಕನಿಗೆ ಅಷ್ಟು ಸಾಕು.